ನಾಲ್ಕು ಸೈಟ್, ನಾಲ್ಕೂ ತಡ: ತೊಂದರೆ ಯಂತ್ರದ್ದೋ, ದುಡ್ಡಿನದ್ದೋ?

ಪ್ರಶ್ನೆ: ಹದಿನಾರು ವರ್ಷದಿಂದ ದಾವಣಗೆರೆ ಕಡೆ ಕಟ್ಟಡ ಗುತ್ತಿಗೆ ಮಾಡುತ್ತಿದ್ದೇನೆ. ವರ್ಷದ ವಹಿವಾಟು ಎರಡೂವರೆ ಕೋಟಿ ರೂ. ಆಸುಪಾಸು. ಈಗ ನಾಲ್ಕು ಸೈಟ್ ನಡೆಯುತ್ತಿವೆ: ಎರಡು ಮನೆ, 80 ಲಕ್ಷ ರೂ.ಗಳ ಒಂದು ಸರ್ಕಾರಿ ಶಾಲಾ ಕಟ್ಟಡ, ದೊಡ್ಡ ಕಂಪನಿಯೊಂದರ ಕೈಕೆಳಗೆ ಒಂದು ಕಾಂಕ್ರೀಟ್ ಚರಂಡಿ ಕೆಲಸ. ನಾಲ್ಕೂ ಎರಡರಿಂದ ನಾಲ್ಕು ತಿಂಗಳು ತಡ. ಶಾಲೆಯ ಜಾಗ ನಮಗೆ ಬಿಟ್ಟುಕೊಟ್ಟಿದ್ದೇ 40 ದಿನ ತಡವಾಗಿ, ಈಗ ನಮಗೇ ದಂಡದ ಮಾತು. ಶೇ. 10 ಉಳಿಯುತ್ತದೆ ಅಂದುಕೊಂಡ ಕಡೆ ಶೇ. 3 ಉಳಿದರೆ ಹೆಚ್ಚು. ಮಗ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾನೆ. ದೊಡ್ಡ ಕಂಪನಿಗಳ ಹಾಗೆ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕೋಣ, 38 ಲಕ್ಷದ ಸೆಲ್ಫ್ ಲೋಡಿಂಗ್ ಮಿಕ್ಸರ್ (ಜೆಲ್ಲಿ, ಮರಳನ್ನು ತಾನೇ ತುಂಬಿಕೊಂಡು ಕಾಂಕ್ರೀಟ್ ಕಲಸುವ ಯಂತ್ರ) ತಗೊಳ್ಳೋಣ ಅನ್ನುತ್ತಾನೆ. ದೊಡ್ಡವರು ಹೇಳಿದ ದಿನಕ್ಕೆ ಮುಗಿಸುವುದು ಹೇಗೆ? ನಮ್ಮಂಥವರಿಗೆ ಯಾಕೆ ಆಗುವುದಿಲ್ಲ? ಎರಡು ಕೋಟಿಯ ಟೆಂಡರ್ ಒಂದು ಕರೆದಿದ್ದಾರೆ, ಹಾಕಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿವೆ. ಕೆಲಸ ಯಾಕೆ ತಡ ಆಗುತ್ತಿದೆ, ಲಾಭ ಎಲ್ಲಿ ಹೋಯಿತು, ಬೆಳೆಯಲು ಏನು ಕೊಳ್ಳಬೇಕು. ಮಗನ ಸಲಹೆ ಮೂರನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಮೊದಲೆರಡಕ್ಕೆ ಉತ್ತರ ಗೊತ್ತಾಗದೆ ಮೂರನೆಯದಕ್ಕೆ ಕೈ ಹಾಕಿದರೆ ನಾಲ್ಕು ತಡವಾದ ಸೈಟ್‌ಗಳ ಜತೆಗೆ ಒಂದು ಬ್ಯಾಂಕಿನ ಕಂತೂ ಸೇರಿಕೊಳ್ಳುತ್ತದೆ.

ಮೊದಲು ಒಂದು ಭ್ರಮೆ ಕಳೆಯೋಣ. ದೊಡ್ಡ ಕಂಪನಿಗಳು ಹೇಳಿದ ದಿನಕ್ಕೆ ಮುಗಿಸುತ್ತವೆ ಎನ್ನುವುದು ನಿಜವಲ್ಲ. 150 ಕೋಟಿ ರೂ. ಮತ್ತು ಅದಕ್ಕಿಂತ ಹೆಚ್ಚಿನ ಕೇಂದ್ರ ಸರ್ಕಾರದ ಯೋಜನೆಗಳ ಸ್ಥಿತಿಗತಿಯ ವರದಿಯನ್ನು ಕೇಂದ್ರದ ಸಾಂಖ್ಯಿಕ ಸಚಿವಾಲಯ ನಿಯಮಿತವಾಗಿ ಹೊರತರುತ್ತದೆ. ಅದರಲ್ಲಿ ತಡವಾದವುಗಳ ಪಟ್ಟಿ ಎಂದೂ ಚಿಕ್ಕದಾಗಿಲ್ಲ. ಬೆಂಗಳೂರಿನ ಈಜಿಪುರ ಮೇಲ್ಸೇತುವೆ 2017ರಲ್ಲಿ ಶುರುವಾಗಿ, 2022ರಲ್ಲಿ ಮೊದಲ ಗುತ್ತಿಗೆಯೇ ರದ್ದಾಗಿ, ಕಂಬಗಳು ವರ್ಷಗಟ್ಟಲೆ ಬೋಳಾಗಿ ನಿಂತದ್ದನ್ನು ಆ ದಾರಿಯಲ್ಲಿ ಓಡಾಡುವವರೆಲ್ಲ ನೋಡಿದ್ದಾರೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣ ಎಲ್ಲ ಆದ ಮೇಲೂ ರೈಲಿಗಾಗಿ ಕಾಯಬೇಕಾಯಿತು. ಕೊನೆಗೆ 2025ರ ಆಗಸ್ಟ್ 10ರಂದು ಮೂರೇ ರೈಲು ಇಟ್ಟುಕೊಂಡು ಉದ್ಘಾಟನೆ ಮಾಡಿದರು. ಅಲ್ಲಿ ಗಾರೆಯವರ ಕೊರತೆಯೂ ಇರಲಿಲ್ಲ, ಸಾಫ್ಟ್‌ವೇರಿನ ಕೊರತೆಯೂ ಇರಲಿಲ್ಲ.

ದೊಡ್ಡವರೂ ತಡ ಮಾಡುತ್ತಾರೆ, ಸಣ್ಣವರೂ ತಡ ಮಾಡುತ್ತಾರೆ. ಆದರೆ ಕಾರಣ ಬೇರೆ ಬೇರೆ. ಸಣ್ಣ ಸಂಸ್ಥೆಯಲ್ಲಿ ತೀರ್ಮಾನ ನಿಂತ ಜಾಗದಲ್ಲೇ ಆಗುತ್ತದೆ, ದುಡ್ಡು ತಡವಾಗಿ ಬರುತ್ತದೆ. ದೊಡ್ಡದರಲ್ಲಿ ದುಡ್ಡಿಗೆ ಹೇಗೋ ದಾರಿ ಇರುತ್ತದೆ, ತೀರ್ಮಾನ ತಡವಾಗಿ ಬರುತ್ತದೆ. ಅವರ ಸೈಟ್ ಎಂಜಿನಿಯರಿಗೆ ಐದು ಸಾವಿರದ ಪಂಪಿನ ಬಿಡಿಭಾಗ ಬೇಕಾದರೂ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ, ಸ್ಟೋರ್ಸ್ ನೋಡಿ, ಮೂರು ಕೊಟೇಶನ್ ತರಿಸಿ, ಹೆಡ್ ಆಫೀಸಿನ ಒಪ್ಪಿಗೆಗೆ ಕಾಯಬೇಕು. ನೀವು ಸ್ಕೂಟರ್ ಹತ್ತಿ ಹೋಗಿ ಅರ್ಧ ಗಂಟೆಯಲ್ಲಿ ತರುತ್ತೀರಿ. ಅವರ ಪ್ಲಾನಿಂಗ್ ವಿಭಾಗ, ಸಾಫ್ಟ್‌ವೇರ್, ವಾರದ ಮೀಟಿಂಗು, ನಕ್ಷೆಯ ರಿಜಿಸ್ಟರು ಎಲ್ಲ ಹುಟ್ಟಿದ್ದು ಹತ್ತಿಪ್ಪತ್ತು ಉಪಗುತ್ತಿಗೆದಾರರು ಒಬ್ಬರ ಕಾಲಿಗೆ ಒಬ್ಬರು ತೊಡರದಿರಲಿ ಎಂಬ ಕಾರಣಕ್ಕೆ. ನಿಮ್ಮ ತೊಂದರೆ ಅದಲ್ಲ.

ಆ ಏಳು ಪರ್ಸೆಂಟ್ ಎಲ್ಲಿ ಹೋಯಿತು?

ಶಾಲೆಯನ್ನೇ ತೆಗೆದುಕೊಳ್ಳಿ. ಜಿಎಸ್‌ಟಿ ಬಿಟ್ಟು 80 ಲಕ್ಷ, ಅವಧಿ 8 ತಿಂಗಳು ಅಂದುಕೊಳ್ಳೋಣ. ತಿಂಗಳಿಗೆ 10 ಲಕ್ಷದ ಕೆಲಸ, ನಿಮ್ಮ ಖರ್ಚು 9 ಲಕ್ಷ. ಮೊದಲ ತಿಂಗಳ ಕೆಲಸದ ಅಳತೆ ಎಂಬಿಗೆ (ಇಲಾಖೆಯ ಅಳತೆ ಪುಸ್ತಕಕ್ಕೆ) ಏರಿ, ಮೇಲಿನವರು ತಾಳೆ ನೋಡಿ, ಬಿಲ್ ಪಾಸಾಗಿ, ದುಡ್ಡು ಖಾತೆಗೆ ಬರುವುದಕ್ಕೆ ಇನ್ನೆರಡು ತಿಂಗಳು ಹಿಡಿಯಿತು ಎನ್ನಿ. ಅಂದರೆ ಮೊದಲ ರೂಪಾಯಿ ಕಾಣುವ ಹೊತ್ತಿಗೆ ಮೂರು ತಿಂಗಳ ಖರ್ಚು 27 ಲಕ್ಷ ಕೈಯಿಂದ ಹೋಗಿರುತ್ತದೆ. ಶೇ. 5ರ ಭದ್ರತಾ ಠೇವಣಿ 4 ಲಕ್ಷ ಮೊದಲೇ ಕಟ್ಟಿರುತ್ತೀರಿ. ಒಟ್ಟು 31 ಲಕ್ಷ. ಸಿಮೆಂಟ್, ಕಬ್ಬಿಣದವರು ಒಂದು ತಿಂಗಳ ಉದ್ರಿ ಕೊಟ್ಟರೆ 26 ಲಕ್ಷಕ್ಕೆ ಇಳಿಯಬಹುದು. ಬಂದ ಬಿಲ್ಲೂ ಪೂರ್ತಿ ಬರುವುದಿಲ್ಲ. ನಿಮ್ಮದು ಒಬ್ಬರದೇ ಮಾಲೀಕತ್ವವಾದರೆ ಆದಾಯ ತೆರಿಗೆಯ ಟಿಡಿಎಸ್ (ಬಿಲ್ಲಿನಲ್ಲೇ ಮುರಿದುಕೊಳ್ಳುವ ತೆರಿಗೆ) ಶೇ. 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ. 2. ಜಿಎಸ್‌ಟಿ ಟಿಡಿಎಸ್ ಶೇ. 2, ಕಾರ್ಮಿಕರ ಸೆಸ್ ಶೇ. 1, ಒಪ್ಪಂದದಲ್ಲಿದ್ದರೆ ಹಿಡಿದಿಟ್ಟುಕೊಳ್ಳುವ ಹಣ ಬೇರೆ. ಟಿಡಿಎಸ್ ಮುಂದೆ ಲೆಕ್ಕಕ್ಕೆ ಸಿಗುತ್ತದೆ, ಸೆಸ್ ಹೋದದ್ದು ಹೋಯಿತು. ದರ ಹಾಕುವಾಗ ಆ ಒಂದು ಪರ್ಸೆಂಟನ್ನು ಮರೆಯುವ ಗುತ್ತಿಗೆದಾರರು ಬಹಳ ಜನ.

ಆ 26 ಲಕ್ಷ ನಿಮ್ಮಲ್ಲಿ ಇಲ್ಲದಿದ್ದಾಗ ಏನಾಗುತ್ತದೆ? 15 ಲಕ್ಷವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ನಾಲ್ಕು ತಿಂಗಳು ತಂದರೆ 1,20,000. ಉದ್ರಿ ಸಿಮೆಂಟಿಗೆ ಚೀಲಕ್ಕೆ 15 ರೂ. ಹೆಚ್ಚಿದ್ದರೆ 1,600 ಚೀಲಕ್ಕೆ 24,000. ಕಬ್ಬಿಣಕ್ಕೆ ಕಿಲೋಗೆ 2 ರೂ. ಹೆಚ್ಚಾದರೆ 15 ಟನ್ನಿಗೆ 30,000. ಕೆಲಸ ಮೂರು ತಿಂಗಳು ಎಳೆದರೆ ಸೂಪರ್‌ವೈಸರ್, ವಾಚ್‌ಮನ್, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದು ನಿಲ್ಲಿಸುವ ಅಚ್ಚು, ಆಸರೆ) ಬಾಡಿಗೆ ಸೇರಿ ತಿಂಗಳಿಗೆ 60,000ದಂತೆ 1,80,000. ಕಂಬಿ ಕತ್ತರಿಸುವಾಗ ಶೇ. 3ರ ಬದಲು ಶೇ. 6 ಚೂರಾದರೆ 450 ಕಿಲೋ, ಕಿಲೋಗೆ 60 ರೂ. ಹಿಡಿದರೂ 27,000. ಸೆಸ್ 80,000. ಎಲ್ಲ ಸೇರಿ 4,61,000. ಲಾಭ ಅಂದುಕೊಂಡದ್ದು 8 ಲಕ್ಷ. ಇನ್ನು ಮುಂಗಡ ತೆಗೆದುಕೊಂಡು ಬೇರೆ ಊರಿಗೆ ಹೋದ ಮೇಸ್ತ್ರಿಯ ಲೆಕ್ಕ ಬರೆದರೆ ನಿಮ್ಮ ಶೇ. 3ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಈ ಅಂಕಿಗಳು ಉದಾಹರಣೆಗೆ. ನಿಮ್ಮ ನಿಜವಾದ ಬಿಲ್ಲುಗಳನ್ನು ಇಟ್ಟುಕೊಂಡು ಇದೇ ಪಟ್ಟಿ ಒಮ್ಮೆ ಬರೆಯಿರಿ. ಯಂತ್ರ ಇಲ್ಲದ್ದರಿಂದ ಎಷ್ಟು ಹೋಯಿತು, ದುಡ್ಡು ತಡವಾದದ್ದರಿಂದ ಎಷ್ಟು ಹೋಯಿತು ಎಂಬುದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಇದರ ಮುಂದಿನ ಹಂತ ಇನ್ನೂ ಕೆಟ್ಟದ್ದು. ಶನಿವಾರ ಬಟವಾಡೆಗೆ ಶಾಲೆಯ ಸೈಟಿನಲ್ಲಿ ದುಡ್ಡಿಲ್ಲ, ಆದ್ದರಿಂದ ಮನೆ ಕಟ್ಟಿಸುತ್ತಿರುವವರು ಸ್ಲ್ಯಾಬಿಗೆಂದು ಕೊಟ್ಟ ಕಂತು ಶಾಲೆಗೆ ಹೋಗುತ್ತದೆ. ಮನೆಯ ಸ್ಲ್ಯಾಬು ನಿಲ್ಲುತ್ತದೆ, ಮನೆಯವರು ಮುಂದಿನ ಕಂತು ತಡೆಹಿಡಿಯುತ್ತಾರೆ, ಆಗ ಚರಂಡಿ ಕೆಲಸದ ಬಿಲ್ಲಿನ ಹಣ ಮನೆಗೆ ಹೋಗುತ್ತದೆ. ನಾಲ್ಕೂ ಸೈಟ್ ಒಟ್ಟಿಗೆ ತಡವಾಗುವುದು ಹೀಗೆ, ಒಂದರ ರೋಗ ಇನ್ನೊಂದಕ್ಕೆ ಅಂಟಿ. ದೊಡ್ಡ ಬಿಲ್ಡರ್‌ಗಳು ಇದೇ ಆಟ ಆಡಿ ಸಾವಿರಾರು ಮನೆ ಅರ್ಧಕ್ಕೆ ನಿಂತ ಮೇಲೆಯೇ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದದ್ದು. ಗ್ರಾಹಕರಿಂದ ಬಂದ ಹಣದಲ್ಲಿ ಶೇ. 70 ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇರಬೇಕು, ಆ ಜಾಗ ಮತ್ತು ಕಟ್ಟಡಕ್ಕೇ ಖರ್ಚಾಗಬೇಕು ಎಂದು ಅದು ಹೇಳುತ್ತದೆ. ನಿಮಗೆ ಆ ಕಾಯ್ದೆ ಅನ್ವಯಿಸದಿರಬಹುದು, ಆ ಒಂದು ಷರತ್ತನ್ನು ನೀವೇ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಸೈಟಿಗೊಂದು ಖಾತೆ ತೆರೆಯಿರಿ, ಆಗದಿದ್ದರೆ ಕನಿಷ್ಠ ಸೈಟಿಗೊಂದು ಲೆಕ್ಕದ ಪುಸ್ತಕ. ಒಂದರಿಂದ ಇನ್ನೊಂದಕ್ಕೆ ಹೋದರೆ ‘ಸಾಲ’ ಎಂದು ತಾರೀಖಿನ ಸಮೇತ ಬರೆಯಿರಿ.

ಸೆಂಟ್ರಿಂಗ್ ಲೆಕ್ಕ

ದುಡ್ಡು ಬಿಟ್ಟರೆ ನಿಮ್ಮಂಥ ಸಂಸ್ಥೆಯಲ್ಲಿ ಕೆಲಸ ನಿಲ್ಲುವ ಎರಡನೇ ಜಾಗ ಹಂಚಿಕೊಂಡ ಸಾಮಾನು. ಪತ್ರದಲ್ಲಿ ಬರೆದಿಲ್ಲ, ಆದರೆ ನಾಲ್ಕು ಸೈಟಿಗೆ ಒಂದೋ ಎರಡೋ ಸೆಟ್ ಸೆಂಟ್ರಿಂಗ್ ಶೀಟು, ಜಾಕಿ (ಆಸರೆ ಕಂಬ) ಇರಬಹುದು ಎಂದು ಊಹಿಸುತ್ತೇನೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸ್ಲ್ಯಾಬಿನ ಹರವು 4.5 ಮೀಟರ್ ಒಳಗಿದ್ದರೆ ಆಸರೆ ಕಂಬ 7 ದಿನ ಇರಬೇಕು, ಹೆಚ್ಚಿದ್ದರೆ 14 ದಿನ. ಬೀಮಿನ ಹರವು 6 ಮೀಟರ್ ಒಳಗಿದ್ದರೆ 14 ದಿನ, ಮೀರಿದರೆ 21 ದಿನ. ಮನೆಯ 14 ಅಡಿ ಕೋಣೆ 4.3 ಮೀಟರ್ ಆಗುತ್ತದೆ, ಸ್ಲ್ಯಾಬಿನ ಕೆಳಗಿನದು ಏಳು ದಿನಕ್ಕೆ ಬಿಚ್ಚಬಹುದು. ಶಾಲೆಯ ಕೊಠಡಿ ಅಗಲ 20 ಅಡಿ ಇದ್ದರೆ ಬೀಮು 6.1 ಮೀಟರ್. ಒಂದು ಚೂರು ದಾಟಿದ್ದರಿಂದ 14 ಹೋಗಿ 21 ದಿನ ಆಯಿತು. ಮನೆಯ ಲೆಕ್ಕದಲ್ಲಿ ‘ಹತ್ತು ದಿನಕ್ಕೆ ಶಾಲೆಯ ಜಾಕಿ ಬಿಚ್ಚಿ ಎರಡನೇ ಮನೆಗೆ ಹಾಕೋಣ’ ಎಂದು ಅಂದುಕೊಂಡಿದ್ದರೆ ಎರಡನೇ ಮನೆ ಹನ್ನೊಂದು ದಿನ ಸುಮ್ಮನೆ ನಿಲ್ಲುತ್ತದೆ. ಇಲ್ಲವೇ ಶಾಲೆಯ ಬೀಮಿಗೆ ಬೇಗ ಬಿಚ್ಚುತ್ತೀರಿ, ಅದು ತಡಕ್ಕಿಂತ ಅಪಾಯ. ಈ ದಿನಗಳೂ ಓಪಿಸಿ (ಬೆರಕೆಯಿಲ್ಲದ ಸಾಮಾನ್ಯ) ಸಿಮೆಂಟಿಗೆ, ಸರಿಯಾಗಿ ನೀರು ಉಣಿಸಿದಾಗ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟು) ಹಾಕಿದರೆ ಇನ್ನೂ ಕಾಯಬೇಕಾಗಬಹುದು, ಎಷ್ಟು ಎಂದು ವಿನ್ಯಾಸ ಮಾಡಿದ ಎಂಜಿನಿಯರನ್ನು ಕೇಳಿ ಬರೆಸಿಕೊಳ್ಳಿ.

ಪರಿಹಾರ ಸರಳ. ಒಂದು ದೊಡ್ಡ ಹಾಳೆಯಲ್ಲಿ ಮೂರು ತಿಂಗಳ ತಾರೀಖು ಹಾಕಿ, ಸೆಂಟ್ರಿಂಗ್ ಸೆಟ್ಟು ಯಾವ ದಿನ ಯಾವ ಸೈಟಿನಲ್ಲಿ ಎಂದು ಗೆರೆ ಎಳೆಯಿರಿ. ಎರಡು ಗೆರೆ ಒಂದರ ಮೇಲೊಂದು ಬಂದ ಕಡೆ ಹೆಚ್ಚುವರಿ ಸೆಟ್ ಬಾಡಿಗೆಗೆ ತನ್ನಿ. ಬಾಡಿಗೆ ದುಬಾರಿ ಅನ್ನಿಸುತ್ತದೆ. ಹನ್ನೊಂದು ದಿನ ನಿಂತ ಸೈಟಿನ ಸಂಬಳ ಲೆಕ್ಕ ಹಾಕಿದರೆ ಅನ್ನಿಸುವುದಿಲ್ಲ.

ಆಳುಗಳ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಒಂದೇ ಮಾತು. ಯಾದಗಿರಿ, ರಾಯಚೂರು ಕಡೆಯ ತಂಡ ಜೂನ್ ಬಿತ್ತನೆಗೆ ಊರಿಗೆ ಹೋಗುತ್ತದೆ, ಬಿಹಾರದವರು ಛಠ್ ಹಬ್ಬಕ್ಕೆ ಹೋಗುತ್ತಾರೆ. ಇದು ಪ್ರತಿ ವರ್ಷ ನಡೆಯುವುದು. ಪ್ರತಿ ವರ್ಷವೂ ‘ಆಳು ಸಿಗಲಿಲ್ಲ’ ಎಂದು ಕಾರಣ ಬರೆಯುವುದಾದರೆ ಅದನ್ನು ಶುರುವಿನಲ್ಲೇ ವೇಳಾಪಟ್ಟಿಗೆ ಸೇರಿಸಿರಲಿಲ್ಲ ಎಂದಷ್ಟೇ ಅರ್ಥ.

ಮಿಕ್ಸರ್ ಮತ್ತು ಸಾಫ್ಟ್‌ವೇರ್

38 ಲಕ್ಷದಲ್ಲಿ 8 ಲಕ್ಷ ನೀವು ಹಾಕಿ 30 ಲಕ್ಷ ಸಾಲ ಮಾಡಿದಿರಿ ಎನ್ನಿ. ಶೇ. 10 ಬಡ್ಡಿ, ನಾಲ್ಕು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 76,000. ಆಪರೇಟರ್ ಮತ್ತು ಹೆಲ್ಪರಿಗೆ 30,000 ಹಿಡಿಯಿರಿ. ಡೀಸೆಲ್, ವಿಮೆ, ರಿಪೇರಿ ಬಿಟ್ಟು 1,06,000. ನಿಮ್ಮ ನಾಲ್ಕು ಸೈಟ್ ಸೇರಿ ತಿಂಗಳಿಗೆ 45 ಘನ ಮೀಟರ್ ಕಾಂಕ್ರೀಟ್ ಹಾಕುತ್ತೀರಿ ಅಂದುಕೊಂಡರೆ ಘನ ಮೀಟರಿಗೆ 2,350 ರೂ. ಯಂತ್ರಕ್ಕೇ ಹೋಯಿತು, ಸಿಮೆಂಟು, ಜೆಲ್ಲಿ, ಎಂ-ಸ್ಯಾಂಡ್ ಇನ್ನೂ ಬಂದಿಲ್ಲ. ತಿಂಗಳಿಗೆ 200 ಘನ ಮೀಟರ್ ಇದ್ದರೆ ಅದೇ ಖರ್ಚು 530ಕ್ಕೆ ಇಳಿಯುತ್ತದೆ, ಆಗ ಮಾತಾಡಬಹುದು. ಬೇರೆಯವರಿಗೆ ಬಾಡಿಗೆಗೆ ಬಿಡುತ್ತೇವೆ ಅನ್ನುವುದು ಬೇರೆಯೇ ವ್ಯಾಪಾರ. ಅದರ ಬಿಲ್ಲೂ ತಡವಾಗಿಯೇ ಬರುತ್ತದೆ. ಇನ್ನೊಂದು ವಿಷಯ: ಕಾಂಕ್ರೀಟ್ ಹಾಕುವ ದಿನ ನಿಮ್ಮಲ್ಲಿ ತಡವಾಗುತ್ತಿಲ್ಲ. ಅದಕ್ಕೆ ಮುಂಚಿನ ಹತ್ತು ದಿನ ತಡವಾಗುತ್ತಿದೆ. ಸ್ಲ್ಯಾಬಿನ ದಿನಕ್ಕೆ ಯಂತ್ರ ಬಾಡಿಗೆಗೆ ತನ್ನಿ, ಇಲ್ಲವೇ ರೆಡಿಮಿಕ್ಸ್ ತರಿಸಿ, ಸಾಕು.

ಸಾಫ್ಟ್‌ವೇರಿನ ಬಗ್ಗೆ ಮಗನ ಉತ್ಸಾಹ ತಪ್ಪಲ್ಲ, ಹೊತ್ತು ಸರಿಯಿಲ್ಲ. ವೇಳಾಪಟ್ಟಿ ಚೆಂದವಾಗಿ ಬರುತ್ತದೆ. ಅದಕ್ಕೆ ದಿನಾ ಯಾರು ನಿಜ ಹೇಳುತ್ತಾರೆ ಎನ್ನುವುದೇ ಪ್ರಶ್ನೆ. ಅದರ ಬದಲು ದೊಡ್ಡ ಕಂಪನಿಗಳ ಎರಡು ಪದ್ಧತಿ ಕದಿಯಲಿ, ಎರಡಕ್ಕೂ ಖರ್ಚಿಲ್ಲ.

ಒಂದು, ವಾರದ ಮಾತು. ಪ್ರತಿ ಶನಿವಾರ ಬಟವಾಡೆಗೆ ಮೇಸ್ತ್ರಿಗಳೆಲ್ಲ ಸೇರಿದಾಗ ಮುಂದಿನ ವಾರ ಏನು ಮುಗಿಸುತ್ತೀರಿ ಎಂದು ಅವರ ಬಾಯಿಂದಲೇ ಕೇಳಿ ಬರೆಯಬೇಕು. ‘ಗೋಡೆ ಕೆಲಸ ನಡೆಯುತ್ತದೆ’ ಅಂತಲ್ಲ, ‘ಪೂರ್ವದ ಗೋಡೆ ಲಿಂಟಲ್ ಮಟ್ಟಕ್ಕೆ ಬರುತ್ತದೆ’ ಅಂತ. ಮುಂದಿನ ಶನಿವಾರ ಆದದ್ದು, ಆಗದ್ದು ಗುರುತು ಹಾಕಿ. ಹದಿನಾಲ್ಕು ಮಾತಿನಲ್ಲಿ ಒಂಬತ್ತು ಆಗಿದ್ದರೆ ಶೇ. 64. ಆಗದ ಐದರ ಮುಂದೆ ಒಂದೇ ಪದದ ಕಾರಣ: ದುಡ್ಡು, ಸಾಮಾನು, ಆಳು, ನಕ್ಷೆ, ಮಳೆ, ಹಿಂದಿನ ಕೆಲಸ. ಬೈಯಬಾರದು. ಬೈದರೆ ಮುಂದಿನ ವಾರದಿಂದ ಸುಳ್ಳು ಬರುತ್ತದೆ. ಆರೆಂಟು ವಾರ ಆದ ಮೇಲೆ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ. ನಾನು ಮೇಲೆ ಬರೆದದ್ದು ಊಹೆ, ಆ ಎಣಿಕೆ ನಿಮ್ಮ ಸತ್ಯ. ‘ದುಡ್ಡು’ ಕೆಳಗಿದ್ದು ‘ನಕ್ಷೆ’ ಮೇಲೆ ಬಂದರೆ ನನ್ನ ಸಲಹೆಯ ಅರ್ಧ ಭಾಗ ಪಕ್ಕಕ್ಕಿಡಿ.

ಎರಡು, ಪೋರ್ ಕಾರ್ಡ್, ಅಂದರೆ ಕಾಂಕ್ರೀಟ್ ಸುರಿಯುವ ಮುನ್ನ ಎಲ್ಲ ಸಿದ್ಧವಿದೆ ಎಂದು ಸಹಿ ಹಾಕುವ ಚೀಟಿ. ದೊಡ್ಡ ಸೈಟುಗಳಲ್ಲಿ ಇದಕ್ಕೆ ಸಹಿ ಬೀಳದೆ ಕಾಂಕ್ರೀಟ್ ಬೀಳುವುದಿಲ್ಲ. ನಿಮಗೆ ಒಂದು ಹಾಳೆ ಸಾಕು. ಸೆಂಟ್ರಿಂಗ್ ಮಟ್ಟ ಮತ್ತು ಜಾಕಿ ನೋಡಿದೆ ಎಂದು ಸೆಂಟ್ರಿಂಗ್ ಮೇಸ್ತ್ರಿ, ಕಂಬಿಯ ವ್ಯಾಸ, ಅಂತರ, ಕವರ್ ಬ್ಲಾಕ್ ನೋಡಿದೆ ಎಂದು ಕಂಬಿಯವರು ಮತ್ತು ಎಂಜಿನಿಯರು, ಪೈಪು ಮತ್ತು ಫ್ಯಾನ್ ಬಾಕ್ಸ್ ಹಾಕಿದೆ ಎಂದು ವೈರಿಂಗಿನವರು, ಶೌಚಾಲಯದ ತಗ್ಗು ಮತ್ತು ಪೈಪಿನ ಜಾಗ ಬಿಟ್ಟಿದೆ ಎಂದು ಪ್ಲಂಬರ್, ಕೊನೆಗೆ ಮನೆಯ ಯಜಮಾನರು ಅಥವಾ ಇಲಾಖೆಯ ಎಂಜಿನಿಯರು. ಹಿಂದಿನ ದಿನ ಸಂಜೆ ನಾಲ್ಕರೊಳಗೆ ಎಲ್ಲ ಸಹಿ ಆಗದಿದ್ದರೆ ರೆಡಿಮಿಕ್ಸಿಗೆ ಫೋನ್ ಮಾಡಿ ಮುಂದೂಡಬೇಕು. ಬೆಳಗ್ಗೆ ಆರಕ್ಕೆ ವೈರಿಂಗಿನವರು ಬಂದಿಲ್ಲ ಎಂದು ಗೊತ್ತಾಗಿ, ಹನ್ನೆರಡು ಜನ ಆಳು ಬೀದಿಯಲ್ಲಿ ಕೂತು, ಲಾರಿಯಲ್ಲಿ ಕಾಂಕ್ರೀಟ್ ತಿರುಗುತ್ತಾ ಬಿಗಿಯಾಗುತ್ತಿರುವಾಗ ಯಾರೋ ‘ನೀರು ಬಿಡ್ರೋ’ ಅನ್ನುತ್ತಾರಲ್ಲ, ಆ ಒಂದು ಘಳಿಗೆಗೆ ಸ್ಲ್ಯಾಬಿನ ಬಲವೂ ನಿಮ್ಮ ಹೆಸರೂ ಹೋಗುತ್ತದೆ.

ಶಾಲೆಯ 40 ದಿನ

ಇಲ್ಲಿ ನೀವು ಕಾನೂನಿನ ಕಡೆಯಿಂದ ಬಲವಾಗಿದ್ದೀರಿ, ಕಾಗದದ ಕಡೆಯಿಂದ ದುರ್ಬಲ. ಜಾಗ ತಡವಾಗಿ ಕೊಟ್ಟರು ಎನ್ನುವುದನ್ನು ಆಗಲೇ ಬರೆದು ಕೊಟ್ಟಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ದೊಡ್ಡ ಕಂಪನಿಗಳು ಇಂಥದ್ದಕ್ಕೆ ಅಡಚಣೆಯ ರಿಜಿಸ್ಟರ್ ಇಡುತ್ತವೆ: ಅಡ್ಡಿ ಏನು, ಯಾವ ದಿನ ಶುರು, ಯಾವ ದಿನ ಮುಗಿಯಿತು, ಎರಡೂ ಕಡೆಯವರ ಸಹಿ. ಸಣ್ಣ ಗುತ್ತಿಗೆದಾರರು ‘ಸಾಹೇಬರ ಹತ್ತಿರ ಬಾಯಲ್ಲಿ ಹೇಳಿದ್ದೆ’ ಅನ್ನುತ್ತಾರೆ. ಆ ಸಾಹೇಬರಿಗೆ ವರ್ಗವಾಗುತ್ತದೆ.

ಈಗಲಾದರೂ ಹೀಗೆ ಮಾಡಿ. ಕಾರ್ಯಾದೇಶದ ತಾರೀಖು, ಜಾಗ ಸಿಕ್ಕ ತಾರೀಖು, ಆ ನಡುವೆ ಜಾಗ ಹೇಗಿತ್ತು ಎಂಬುದಕ್ಕೆ ಮೊಬೈಲಿನಲ್ಲಿರುವ ಫೋಟೊಗಳು, ಆಗ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶಗಳು, ಎಲ್ಲ ಸೇರಿಸಿ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ ಪತ್ರ ಕೊಡಿ. ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. 40 ದಿನದ ಅವಧಿ ವಿಸ್ತರಣೆಯನ್ನು ದಂಡವಿಲ್ಲದೆ ಕೊಡಬೇಕೆಂದು ಕೇಳಿ. ಮುಗಿಸಬೇಕಾದ ತಾರೀಖು ಇನ್ನೂ ದಾಟಿಲ್ಲವಾದರೆ ಅದಕ್ಕೆ ಮುಂಚೆಯೇ ಅರ್ಜಿ ಹೋಗಲಿ. ದಾಟಿದ್ದರೆ ನಾಳೆಯೇ. ಆದರೆ 40 ದಿನಕ್ಕಿಂತ ಹೆಚ್ಚು ಕೇಳಲು ಹೋಗಬೇಡಿ. ಉಳಿದ ತಡ ನಿಮ್ಮ ಸೆಂಟ್ರಿಂಗು, ನಿಮ್ಮ ದುಡ್ಡಿನದ್ದು, ಅದನ್ನೂ ಇದರಲ್ಲಿ ತುರುಕಿದರೆ ನಿಜವಾದ 40 ದಿನದ ಮೇಲೂ ಅನುಮಾನ ಬರುತ್ತದೆ. ಕೆಲಸ ಮಾತ್ರ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಸೈಟ್ ಬಿಟ್ಟು ಬಂದರೆ ತಪ್ಪು ಪೂರ್ತಿ ನಿಮ್ಮ ಕಡೆಗೆ ತಿರುಗುತ್ತದೆ.

ಮನೆ ಕೆಲಸದಲ್ಲಿ ತಡಕ್ಕೆ ಮುಖ್ಯ ಕಾರಣ ಯಜಮಾನರ ತೀರ್ಮಾನಗಳು. ಕರೆಂಟಿನ ಪಾಯಿಂಟ್ ಎಲ್ಲಿ ಎಂದು ಸ್ಲ್ಯಾಬಿಗೆ ಮುಂಚೆ, ಬಚ್ಚಲಿನ ಫಿಟಿಂಗ್ ಯಾವುದು ಎಂದು ಪ್ಲಾಸ್ಟರಿಂಗಿಗೆ ಮುಂಚೆ, ಟೈಲ್ಸ್ ನೆಲದ ಕೆಲಸಕ್ಕೆ ಮೂರು ವಾರ ಮುಂಚೆ ಹೇಳಬೇಕು ಎಂದು ಒಪ್ಪಂದದಲ್ಲೇ ತಾರೀಖು ಹಾಕಿ. ಅವರು ಬ್ಯಾಂಕ್ ಸಾಲದಲ್ಲಿ ಕಟ್ಟಿಸುತ್ತಿದ್ದರೆ ಬ್ಯಾಂಕಿನವರು ಬಂದು ಹಂತ ನೋಡಿದ ಮೇಲೆಯೇ ಹಣ ಬಿಡುಗಡೆ ಆಗುವುದು. ಹಂತ ಮುಗಿಯುವ ವಾರ ಮೊದಲೇ ಅವರಿಗೆ ನೆನಪಿಸಿ.

ದೊಡ್ಡ ಕಂಪನಿಯ ಕೈಕೆಳಗಿನ ಕೆಲಸ

ದೊಡ್ಡ ಕಂಪನಿ ತಾನೇ ಗಾರೆ ಕೆಲಸ ಮಾಡುವುದು ಕಡಿಮೆ. ಅದರ ಒಂದು ದೊಡ್ಡ ಸೈಟ್ ಎಂದರೆ ನಿಮ್ಮಂಥ ಇಪ್ಪತ್ತು ಜನ. ದೊಡ್ಡ ಗುತ್ತಿಗೆಯಲ್ಲಿ ಅವರಿಗೆ ಸಾಮಾನ್ಯವಾಗಿ ಶುರುವಿನಲ್ಲೇ ಬ್ಯಾಂಕ್ ಗ್ಯಾರಂಟಿಯ ಮೇಲೆ ಮುಂಗಡ ಸಿಗುತ್ತದೆ, ನಿಮಗೆ ಅದರಲ್ಲಿ ಬಿಡಿಗಾಸೂ ಇಳಿದು ಬರುವುದಿಲ್ಲ. ಮೇಲಿಂದ ಬಿಲ್ ತಡವಾದಾಗ ಅವರು ಮೊದಲು ತಡೆಯುವುದು ನಿಮ್ಮ ಬಿಲ್. ನೀವು ತಂಡವನ್ನು ಬೇರೆ ಸೈಟಿಗೆ ಕಳಿಸುತ್ತೀರಿ, ಅವರ ವೇಳಾಪಟ್ಟಿ ಕುಸಿಯುತ್ತದೆ. ದೊಡ್ಡ ಯೋಜನೆಗಳ ತಡದ ಒಂದು ಪಾಲು ಹೀಗೆ ಕೆಳಗಿನಿಂದ ಹುಟ್ಟುತ್ತದೆ, ಮೇಲಿನವರ ವರದಿಯಲ್ಲಿ ಅದು ‘ಕಾರ್ಮಿಕರ ಕೊರತೆ’ ಎಂದು ದಾಖಲಾಗುತ್ತದೆ.

ಮುಂದಿನ ಸಲ ವರ್ಕ್ ಆರ್ಡರಿಗೆ ಸಹಿ ಹಾಕುವ ಮುನ್ನ ನಾಲ್ಕು ಸಾಲು ಹುಡುಕಿ. ‘ಮೇಲಿನಿಂದ ಹಣ ಬಂದ ಮೇಲೆ ಪಾವತಿ’ ಎಂದಿದ್ದರೆ ಅದನ್ನು ಬದಲಿಸಿ ‘ಅಳತೆಯಾದ 15 ಅಥವಾ 30 ದಿನಕ್ಕೆ’ ಎಂದು ಮಾಡಿಸಿ, ಆಗದಿದ್ದರೆ ದರ ಏರಿಸಿ. ಸಿಮೆಂಟು, ಕಬ್ಬಿಣ ಅವರೇ ಕೊಡುವುದಾದರೆ ನಿಮ್ಮ ಬಂಡವಾಳದ ಹೊರೆ ಇಳಿಯುತ್ತದೆ, ಆದರೆ ಎಷ್ಟು ಪರ್ಸೆಂಟ್ ವೇಸ್ಟೇಜ್ ಒಪ್ಪುತ್ತಾರೆ, ಮೀರಿದರೆ ಯಾವ ದರದಲ್ಲಿ ಕಡಿತ ಮಾಡುತ್ತಾರೆ ಎಂದು ನೋಡಿ. ದಂಡದ ದರದಲ್ಲಿ ಕಡಿತವಾಗಿ ಕೊನೆಯ ಬಿಲ್ ಸೊನ್ನೆಯಾಗುವುದು ಇಲ್ಲೇ. ತಿಂಗಳಿಗೊಮ್ಮೆ ಸ್ಟೋರ್ಸಿನವರ ಜತೆ ಕೂತು ಕಬ್ಬಿಣ ತಾಳೆ ಮಾಡಿಕೊಳ್ಳಿ. ಅವರು ಜಾಗವನ್ನೋ ನಕ್ಷೆಯನ್ನೋ ಕೊಡದೆ ನಿಮ್ಮ ತಂಡ ಸುಮ್ಮನೆ ಕೂತರೆ ಯಾರು ಕೂಲಿ ಕೊಡುತ್ತಾರೆ? ಹಿಡಿದಿಟ್ಟ ಹಣ ವಾಪಸ್ ಯಾವಾಗ: ನಿಮ್ಮ ಕೆಲಸ ಮುಗಿದಾಗಲೋ, ಅವರ ಇಡೀ ಯೋಜನೆ ಮುಗಿದಾಗಲೋ?

ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಸಿ, ಖರ್ಚಿಲ್ಲ. ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ 45 ದಿನದೊಳಗೆ ಪಾವತಿ ಆಗಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕಾಮಗಾರಿ ಗುತ್ತಿಗೆಗಳಿಗೆ ಈ ಕಾಯ್ದೆ ಅನ್ವಯವಾಗುತ್ತದೆಯೇ ಎಂಬುದರಲ್ಲಿ ನ್ಯಾಯಾಲಯಗಳ ತೀರ್ಪು ಒಂದೇ ದಿಕ್ಕಿಗಿಲ್ಲ, ಅದನ್ನೇ ನಂಬಿ ಕೂರಬೇಡಿ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಟ್ರೆಡ್ಸ್ ಎಂಬ, ಬಿಲ್ಲಿನ ಮೇಲೆ ಹಣ ಪಡೆಯುವ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ನಿಯಮವಿದೆ. ಅಲ್ಲಿ ಅವರು ನಿಮ್ಮ ಬಿಲ್ ಒಪ್ಪಿಕೊಂಡರೆ ಬ್ಯಾಂಕು ಸ್ವಲ್ಪ ಮುರಿದುಕೊಂಡು ನಿಮಗೆ ಮೊದಲೇ ಹಣ ಕೊಡುತ್ತದೆ. ಕೇಳಿ ನೋಡಿ, ಹೆಚ್ಚಿನವರು ಕೇಳುವುದೇ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿ

ಮೊದಲನೆಯದು, ಹೊಸ ಕೆಲಸ ಹಿಡಿಯದೆ ಎರಡು ಸೈಟ್ ಮುಗಿಸಿ ಕೈ ತೊಳೆದುಕೊಳ್ಳುವುದು. ಮುಗಿಯಲು ಹತ್ತಿರವಿರುವ ಮನೆಗೆ ಎಲ್ಲ ಆಳು ಹಾಕಿ. ನಾಲ್ಕು ಕಡೆ ಐದೈದು ಜನ ಇಡುವುದಕ್ಕಿಂತ ಒಂದು ಕಡೆ ಮುಗಿಸಿ ಕೊನೆಯ ಕಂತು ತರುವುದು ಮೇಲು. ಅಪಾಯ ಏನೆಂದರೆ ವರ್ಷದ ವಹಿವಾಟು ಇಳಿಯುತ್ತದೆ, ಮುಂದಿನ ಟೆಂಡರುಗಳ ಅರ್ಹತೆಯಲ್ಲಿ ಹಿಂದಿನ ವರ್ಷಗಳ ವಹಿವಾಟು ಕೇಳುತ್ತಾರೆ. ಬಿಟ್ಟ ಸೈಟಿನವರು ಸುಮ್ಮನಿರುವುದಿಲ್ಲ, ಅವರಿಗೆ ಹೊಸ ತಾರೀಖು ಬರೆದುಕೊಟ್ಟು ಅದನ್ನು ಪಾಲಿಸಬೇಕು.

ಎರಡನೆಯದು ಬ್ಯಾಂಕಿನ ದುಡಿಯುವ ಬಂಡವಾಳ. ಐದು ಕೋಟಿಯವರೆಗಿನ ಮಿತಿಗೆ ಬ್ಯಾಂಕುಗಳು ಅಂದಾಜು ವಹಿವಾಟಿನ ಶೇ. 20ರ ಲೆಕ್ಕ ಹಿಡಿಯುತ್ತವೆ. ನಿಮ್ಮ ಎರಡೂವರೆ ಕೋಟಿಗೆ 50 ಲಕ್ಷ. ಅಡಮಾನ ಇಲ್ಲದಿದ್ದರೆ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತ್ರಿ ಯೋಜನೆಯಲ್ಲಿ ಕೇಳಬಹುದು. ಜಿಎಸ್‌ಟಿ ರಿಟರ್ನ್ಸ್ ಮತ್ತು ಲೆಕ್ಕಪತ್ರ ನೇರವಾಗಿರಬೇಕು, ಮನೆ ಕೆಲಸಗಳನ್ನು ನಗದಿನಲ್ಲಿ ಮಾಡಿ ತೋರಿಸದೆ ಇದ್ದವರಿಗೆ ಇಲ್ಲಿ ತೊಡಕಾಗುತ್ತದೆ. ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24. ಬ್ಯಾಂಕು ಅದರ ಅರ್ಧಕ್ಕೇ ಕೊಟ್ಟರೂ ಮೇಲಿನ ಪಟ್ಟಿಯ 1,20,000 ಅರ್ಧವಾಗುತ್ತದೆ. ಅಪಾಯ ಬಡ್ಡಿಯದಲ್ಲ, ಓಡಿಯಿಂದ (ಬ್ಯಾಂಕಿನ ಈ ಓವರ್‌ಡ್ರಾಫ್ಟ್ ಹಣದಿಂದ) ನಿವೇಶನ ಕೊಳ್ಳುವುದು. ನಮ್ಮ ಗುತ್ತಿಗೆದಾರರಲ್ಲಿ ಈ ಚಟ ಸ್ವಲ್ಪ ಹೆಚ್ಚು.

ಮೂರನೆಯದು ಮಗ. ಅವನನ್ನು ಯಂತ್ರದ ಹಿಂದೆ ಹಾಕಬೇಡಿ, ಬಿಲ್ಲಿನ ಹಿಂದೆ ಹಾಕಿ. ತಿಂಗಳ ಕೊನೆಯ ದಿನವೇ ಅಳತೆ ಹಾಳೆ, ಕಂಬಿಯ ಪಟ್ಟಿ, ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಟೆಸ್ಟ್ ವರದಿ, ಫೋಟೊ ಸಿದ್ಧವಿದ್ದು, ಕಿರಿಯ ಎಂಜಿನಿಯರ ಜತೆ ಸೈಟಿನಲ್ಲೇ ಅಳತೆ ಆಗಲಿ. ಬಿಲ್ ಒಂದು ತಿಂಗಳು ಬೇಗ ಬಂದರೆ, ತಿಂಗಳಿಗೆ 20 ಲಕ್ಷದ ಬಿಲ್ ಮೇಲೆ ನೂರಕ್ಕೆ ಎರಡರಂತೆ 40,000 ಉಳಿಯಿತು, ಅವನ ಸಂಬಳ ಅದರಲ್ಲೇ ಬಂತು. ಸರ್ಕಾರದ ಬಿಲ್ ನಿಲ್ಲುವುದು ಅನುದಾನ ಇಲ್ಲದೆಯೂ ಇರಬಹುದು, ಅದು ಅವನ ಕೈಯಲ್ಲಿಲ್ಲ. ಕಡತದಲ್ಲಿ ಒಂದು ಹಾಳೆ ಕಡಿಮೆ ಎಂದು ನಿಂತದ್ದು ಖಂಡಿತ ಅವನ ಕೈಯಲ್ಲಿದೆ. ಸೈಟಿಗೆ ಹತ್ತು ಸಾವಿರದವರೆಗೆ ಕೇಳದೆ ಖರ್ಚು ಮಾಡುವ ಅಧಿಕಾರವನ್ನೂ ಅವನಿಗೆ ಕೊಡಿ. ಎಲ್ಲದಕ್ಕೂ ನಿಮಗೇ ಫೋನ್ ಬರುತ್ತಿದ್ದರೆ ನಾಲ್ಕನೇ ಸೈಟಿನಿಂದಾಚೆಗೆ ನೀವೇ ಅಡ್ಡಿಯಾಗುತ್ತೀರಿ.

ಕೊನೆಗೆ ಆ ಎರಡು ಕೋಟಿ. ಅವಧಿ 12 ತಿಂಗಳಾದರೆ ತಿಂಗಳಿಗೆ 16 ಲಕ್ಷ 67 ಸಾವಿರದ ಕೆಲಸ, ಖರ್ಚು 15 ಲಕ್ಷ. ಮೊದಲ ಹಣ ಬರುವವರೆಗೆ ಮೂರು ತಿಂಗಳು 45 ಲಕ್ಷ, ಶೇ. 5ರ ಠೇವಣಿ 10 ಲಕ್ಷ, ಒಟ್ಟು 55 ಲಕ್ಷ. ಉದ್ರಿ ಕಳೆದರೂ 45ಕ್ಕೆ ಬರುತ್ತದೆ. ದರ ಏರಿಕೆಗೆ ಪರಿಹಾರ ಕೊಡುವ ಷರತ್ತು ಟೆಂಡರಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಒಂದು ವರ್ಷದ ಕಬ್ಬಿಣದ ಏರಿಳಿತವೂ ನಿಮ್ಮ ಮೇಲೆಯೇ. ಕಡಿಮೆ ದರಕ್ಕೆ ಹಿಡಿದು ಹೆಚ್ಚುವರಿ ಐಟಂನಲ್ಲಿ (ಟೆಂಡರಿನಲ್ಲಿಲ್ಲದೆ ಆಮೇಲೆ ಸೇರುವ ಕೆಲಸದಲ್ಲಿ) ಸರಿಮಾಡಿಕೊಳ್ಳುತ್ತೇನೆ ಎನ್ನುವ ಯೋಚನೆ ಇದ್ದರೆ, ಆ ಐಟಂ ಮಂಜೂರಾಗುವುದು ಕೆಲಸ ಮುಗಿದ ಎಷ್ಟು ತಿಂಗಳಿಗೆ ಎಂದು ನಿಮ್ಮ ಹಳೆಯ ಕಡತಗಳನ್ನೇ ತೆರೆದು ನೋಡಿ. ಬ್ಯಾಂಕಿನ ಮಿತಿ ಮಂಜೂರಾಗಿ, ಒಂದು ಮನೆಯಾದರೂ ಬೀಗದ ಕೈ ಹಸ್ತಾಂತರವಾಗಿ, ಶಾಲೆಯ ಎರಡು ಬಿಲ್ ಕೈಗೆ ಬಂದಿದ್ದರೆ ಹಾಕಿ. ಇವು ಮೂರೂ ಆಗುವ ಮೊದಲೇ ಟೆಂಡರಿನ ಕೊನೆಯ ದಿನ ಬಂದರೆ ಈ ಸಲ ಬಿಟ್ಟುಬಿಡಿ.